ಚೀಲದ ತೂಕ ಕಳೆದು

ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ
ನನ್ನ ಬೂಟಿನಲ್ಲಿ ಇನ್ನೂ ಬೆಂಟಿಯುವಿನ ಕರಿಮಣ್ಣಿತ್ತು.
ಅದೂ ಎರೆಮಣ್ಣೇ.
ಮಳೆಗೆ ಲಾರಿಯನ್ನು ಅಚ್ಚಿನ ತನಕ ನುಂಗಿ
ಬಿಸಿಲಿಗೆ ಕಾಲು ಇಳಿಯುವಷ್ಟು ಬಿರಿಯುವ ಮಣ್ಣು.
ಅಲ್ಲಿಯವರೂ ಜೋಳವನ್ನೇ ಉಣ್ಣುತ್ತಾರೆ ಎಂದರೆ
ಖಾಲಾ ನಂಬಲಿಲ್ಲ.
'ಮತ್ತ ಯಾಕ ಹೊಡದಾಡ್ಯಾರ?' ಅಂದಳು,
ಜೋಳ ತಿನ್ನುವವರು ಹೊಡೆದಾಡುವುದೇ ಇಲ್ಲ ಎಂಬಂತೆ.

ಯುದ್ಧ ಮುಗಿಯಿತೆಂದು ಕಾಗದಕ್ಕೆ ಸಹಿ ಬಿದ್ದ ದೇಶದಲ್ಲಿ
ನನ್ನ ಕೆಲಸ ಇಷ್ಟೇ: ನಲವತ್ತೊಂದು ಸಾವಿರ ಹೆಸರು,
ತಲೆಗೆ ಹದಿಮೂರೂವರೆ ಕಿಲೋ, ಹೆಬ್ಬೆಟ್ಟು, ಮುಂದಿನವರು.
ವಿಮಾನ ಚೀಲ ಸುರಿದು ಹೋದ ಮೇಲೆ
ಹೆಂಗಸರು ಮಣ್ಣಿನಿಂದ ಕಾಳು ಹೆಕ್ಕುತ್ತಾರೆ.
ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.
ಬರಬಾರದೆಂದು ಹೇಳಿದವಳು ನಾನೇ.

ಹೊರಡುವ ಹಿಂದಿನ ದಿನ ಗಟ್ಲುವಾಕನನ್ನು ತೆಗೆದುಹಾಕಿದೆ.
ಗೋದಾಮಿನವನು. ಚೀಲಕ್ಕೆ ಒಂದೂವರೆ ಕಿಲೋ ಕಡಿಮೆ,
ಎಂಟು ತಿಂಗಳಿಂದ.
ಅಳಲಿಲ್ಲ, ಬೇಡಲಿಲ್ಲ.
ಕೊರಳಿನ ಗುರುತುಚೀಟಿ ತೆಗೆದು ತಕ್ಕಡಿಯ ಮೇಲಿಟ್ಟ.
ಮುಳ್ಳು ಅಲುಗಲಿಲ್ಲ.
ನನ್ನಪ್ಪನೂ ತೂಕದವನೇ ಎಂದು ಅವನಿಗೆ ಎಂದೋ ಹೇಳಿದ್ದೆ,
ಹೆಮ್ಮೆಯಿಂದ.

ಮೂರನೇ ಕ್ಯಾಂಪಿನಲ್ಲಿ,
ಬಂಗಾಲದಿಂದ ರೈಲು ತುಂಬಿ ಬಂದವರಿಗೆ
ತೂಗಿ ಕೊಡುತ್ತಿದ್ದ ಲಾಡ್ಲೇಸಾಬ.
ಚೀಲದ ತೂಕ ಕಳೆದೇ ಕೊಡುವ ಮನುಷ್ಯ ಎನ್ನುತ್ತಿತ್ತು ಊರು.
ಮೊದಲ ವಾರ ಜೋಳ ಬಂದಿತ್ತಂತೆ.
ಅಕ್ಕಿಯಂತೆ ಇಡಿಯಾಗಿ ಕುದಿಸಿ, ಬೇಯದೆ,
ಮಕ್ಕಳು ಹೊಟ್ಟೆ ಹಿಡಿದು ಮಲಗಿದ್ದವಂತೆ.
ಅಬ್ಬ ಅಮ್ಮಿಯನ್ನು ಕರೆದೊಯ್ದು ರೊಟ್ಟಿ ಬಡಿಯುವುದು ತೋರಿಸಿದ.
ಆಮೇಲೆ ಅಕ್ಕಿ ಬಂತು.
ಈ ಕಥೆಯನ್ನು ಜಿನೀವಾದ ಸಂದರ್ಶನದಲ್ಲೂ ಹೇಳಿದ್ದೆ.
ಕೆಲಸ ಸಿಕ್ಕಿತ್ತು.

ಶೆಫಾಲಿ ಮಂಡಲ್ ಈಗ ಎಪ್ಪತ್ತು ದಾಟಿದ್ದಾಳೆ.
ಕಾಲುವೆ ದಂಡೆಯಲ್ಲಿ ಮೀನು ಮಾರುತ್ತಾಳೆ,
ನಮ್ಮ ಕನ್ನಡವನ್ನು ಬಾಯಲ್ಲಿ ದುಂಡಗೆ ಉರುಳಿಸುತ್ತ.
'ಲಾಡ್ಲೇಸಾಬ್ ಮಗಳಾ? ಕೂಡು.'
ಹುರುಪೆ ಕೆರೆಯುತ್ತಲೇ ಅಂದಳು:
'ನಿಮ್ಮಪ್ಪ ಎಲ್ಲರಿಗೂ ಒಂದು ಹಿಡಿ ಕಮ್ಮಿ ಕೊಡ್ತಿದ್ದ.
ಗೊತ್ತಿಲ್ಲೇನು?'

ಗೊತ್ತಿರಲಿಲ್ಲ.

'ಪಟ್ಟಿಯಾಗ ಹೆಸರಿಲ್ದ ಮನಿ ಹನ್ನೊಂದಿದ್ವು.
ತಡಾ ಮಾಡಿ ಬಂದೋರು, ಕಾಗದ ಕಳಕೊಂಡೋರು,
ಕಾಗದದಾಗ ಸತ್ತೋರು.
ರಾತ್ರಿ ಸೈಕಲ್ ಮ್ಯಾಲೆ ಬರ್ತಿದ್ದ.'
ಕಿವಿರು ಕಿತ್ತು ಬೆಕ್ಕಿಗೆ ಎಸೆದಳು.
'ಎಲ್ಲಾ ಅವರಿಗೇ ಮುಟ್ಟತಿತ್ತು ಅನ್ನಂಗಿಲ್ಲ ನಾ.
ನಿಮ್ಮ ಮನ್ಯಾಗೂ ಬಾಯಿ ಇದ್ವಲ್ಲ.'

ಆರು ಬಾಯಿ.
ಶುಕ್ರವಾರ ಬಿಳಿ ಅನ್ನ ಇರುತ್ತಿತ್ತು.
ಜೋಳದ ಸೀಮೆಯ ತೂಕದವನ ಮನೆಯಲ್ಲಿ
ವಾರಕ್ಕೊಮ್ಮೆ ಅನ್ನ ಎಲ್ಲಿಂದ, ನಾನು ಕೇಳಿದವಳಲ್ಲ.
ಗಟ್ಲುವಾಕನನ್ನೂ ಕೇಳಲಿಲ್ಲ, ಎಲ್ಲಿ ಹೋಯಿತು ಎಂದು.
ಎಷ್ಟು ಎಂದಷ್ಟೇ ಕೇಳಿದೆ.
ನಮೂನೆಯಲ್ಲಿ ಅದಕ್ಕೆ ಮಾತ್ರ ಜಾಗವಿತ್ತು.

ರಾತ್ರಿ ಖಾಲಾನ ಮಾಳಿಗೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ.
ರೈಸ್ ಮಿಲ್ಲಿನ ತೌಡು ಹಾರಿ ಬಂದು ಅಕ್ಷರಗಳ ಮೇಲೆ ಕೂತಿತು.
ವಜಾ ಆದೇಶದ ಕುರಿತು, ಎಂದು ಬರೆದೆ. ಅಳಿಸಿದೆ.
ಅವನು ಕಳ್ಳನೇ ಇರಬಹುದು.
ನಮ್ಮ ಮುದ್ರೆಯ ಚೀಲಗಳನ್ನು ಅಲ್ಲಿನ ಬಜಾರಿನಲ್ಲಿ
ನಾನೇ ಕಂಡಿದ್ದೇನೆ.
ಅವನ ಸೈಕಲ್ಲು ಕಂಡಿಲ್ಲ.
ಕತ್ತಲಾದ ಮೇಲೆ ನಾವು ಗೇಟು ದಾಟುವಂತಿಲ್ಲ, ನಿಯಮ.

ಮತ್ತೆ ಬರೆದೆ: ವಜಾ ಆದೇಶದ ಕುರಿತು.
ಕೆಳಗೆ ಅಡುಗೆಮನೆಯಿಂದ ಖಾಲಾ ಕೂಗಿದಳು:
'ಕಿಲೋಕ್ಕ ನಾಕು ಮೀನ ಬರ್ತಾವ.
ಇದೊಂದು ಸಣ್ಣದು ಹೆಚ್ಚಿಗಿ ಬಂದೈತಲ್ಲ,
ಯಾರದವಾ ಇದು?'