ಒಂದಽ ಕೊಡು

ದುರ್ಗದ ಬೈಲಿನ್ಯಾಗ ಗಿರಮಿಟ್ ತಿಂದು
ಕರವಸ್ತ್ರಕ್ಕ ಕೈ ಒರಸಿಕೋತ
ಫಕೀರಪ್ಪ ಕಾಕಾ, ನಾನು, ಅಂಗಡಿ ಹೊಕ್ಕಿವಿ.
ಗಾಜಿನ ಕೆಳಗ ಸಾಲು ಡಬ್ಬಿ:
ಕರೇವು, ಬಿಳೇವು, ಬದನಿಕಾಯಿ ಬಣ್ಣದ್ದೊಂದು.
ತೌಸೀಫ ಅನ್ನೋ ಹುಡುಗ ಒಂದು ತಗದು
ಮುಚ್ಚಳ ಟಪ್ಪಂತ ಹಾಕಿ ತೋರಿಸಿದ:
“ಇದರದು ಬಾಸ್ ಭಾರೀ ಐತ್ರಿ ಅಜ್ಜಾರ.”
“ಬಾಸ್? ನಮ್ಮ ಶೆಡ್ಡಿನ್ಯಾಗೂ ಇದ್ದ ಒಬ್ಬಾವ.
ರಜಾ ಚೀಟಿ ಕೊಟ್ರ
ಮೀಸಿ ತಿರುವಿಕೋತ ಕುಂದರತಿದ್ದ.”

ಹುಡುಗ ನಕ್ಕ. ಗಲ್ಲೇದ ಮ್ಯಾಲಿನ ಸೇಠನೂ.
ಕಾಕಾ ನಗಲಿಲ್ಲ. ಎಡಗಿವಿಗಿ ಒಂದು ಇಟಗೊಂಡ,
ಬಲಗಿವೀದು ನನ್ನ ಕೈಯಾಗ ಹಾಕಿದ:
“ಅದನ್ನ ನೀ ಕೇಳವಾ.”

ಕುಣಿಯೋ ಹಾಡು ಹಚ್ಚಿದ ಹುಡುಗ.
ನನ್ನ ಹಲ್ಲಿನ ಬುಡ ಝುಂ ಅಂತು.
ಕಾಕಾ ತಲಿ ಅಲ್ಲಾಡಿಸಿದ:
“ಖಾಲಿ ಬ್ಯಾರಲ್ ಇದು ತಮ್ಮಾ,
ಒಳಗಿನ ಗಾಳಿ ಒದರತೈತಿ ಅಷ್ಟಽ.
ದಪ್ಪ ಸಪ್ಪಳಕ್ಕೂ ಅಂಚು ಇರಬೇಕು.”
ಎರಡನೇದು, ನೀರಾಗ ಕರಗಿದ ಸಕ್ಕರಿ.
ಮೂರನೇದರಾಗ ತಬಲಾ ಇತ್ತು, ಡಗ್ಗಾ ಇರಲಿಲ್ಲ.
“ಹೆಣ್ಣಿನವರು ಬಂದಾರ,
ಗಂಡಿನವರು ಇನ್ನಾ ಹಾದ್ಯಾಗ ಅದಾರ” ಅಂದ.

“ಹಂಗಾರ ಯಾವ ಹಾಡು ಹಚ್ಚಲ್ರಿ?”
“ಹಾಡು ಬ್ಯಾಡ. ಆ ಶಟರ್ ಎಳಿಯೋ ಕೊಕ್ಕಿ ಕೊಡು.”

ಮೂಲ್ಯಾಗಿನ ಕಬ್ಬಿಣದ ಕೊಕ್ಕಿ
ಎರಡು ಬೆರಳಿನ್ಯಾಗ ತೂಗಬಿಟ್ಟು ಹಿಡದು
ಸೇಠನ ಕೀಲಿಯಿಂದ ಒಂದಽ ಪೆಟ್ಟು.
“ಇದನ್ನ ಫೋನಿನ್ಯಾಗ ತುಂಬಿಕೋ. ಈಗ ಕೇಳಸು.”

ರಾತ್ರಿ ಪಾಳಿ, ಹುಬ್ಬಳ್ಳಿ ಯಾರ್ಡು,
ಉದ್ದ ಹಿಡಿಕಿ ಸುತ್ತಿಗಿ, ಒಂದು ಕಂದೀಲು.
ಗಾಲಿಗೊಂದು ಪೆಟ್ಟು ಕೊಟ್ಟು ಸುಮ್ಮ ನಿಂದರೋದು.
ಗಟ್ಟಿ ಗಾಲಿ ಠಣ್ ಅಂದು ಬಾಲಾ ಎಳೀತಿತ್ತು,
ಸೀಳಿದ್ದು ಥಪ್ ಅಂದು ಬಾಯಿ ಮುಚ್ಚತಿತ್ತು.
ಗಾಡಿ ಬಿಡೋದು, ನಿಲ್ಲಸೋದು
ಆ ಬಾಲದ ಮ್ಯಾಲ.
ಮುಂದ ಮಷಿನ್ನು ಬಂತು. ಕಾಕಾನ್ನ ರಿವೆಟ್ ಶೆಡ್ಡಿಗಿ ಹಾಕಿದರು,
ಗಾಳಿ ಸುತ್ತಿಗಿಯ ಎಡಕ್ಕ.

ನಾಕನೇ ಡಬ್ಬಿಗಿ ಕಣ್ಣು ಮುಚ್ಚಿದ.
“ಬಾಲಾ ಐತಿ” ಅಂದ.

“ಸಾವಿರದಾ ಆರನೂರು.”
“ಒಂದಽ ಕೊಡತೀಯೇನ? ಎಡಗಿವೀದು. ಅರ್ಧಾ ರೊಕ್ಕ.”
“ಚಪ್ಪಲಿ ಒಂದಽ ಮಾರತಾರೇನ್ರಿ ಅಜ್ಜಾರ?”
“ಒಂಟಿಗಾಲಿನಾಂವ ಬಂದ್ರ ಏನ್ಮಾಡ್ತೀ?”

ಹುಡುಗ ನಗಾಕ ಬಾಯಿ ತಗದಾಂವ ಹಂಗಽ ನಿಂತ.
ನಾನೂ.
ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ.
ಊಟಕ್ಕ ಕುಂತ್ರ ಬಲಕ್ಕ ಗ್ವಾಡಿನಽ ಬೇಕಾಗತಿತ್ತು ಅವಗ,
ಆನಿಕಿ ಅಂದಕೊಂಡಿದ್ವಿ.
ಕಾಕು ಕರದದ್ದು ಕೇಳದಿದ್ರ
ಸೊಕ್ಕು ಅಂದಕೊಂಡಿದ್ವಿ.
“ತೆಳ್ಳನ್ನ ಸಪ್ಪಳ ಎಲ್ಲಾ ಹ್ವಾದುವು,” ಅಂದ,
ನನಗಲ್ಲ, ತೌಸೀಫಗ.
“ಗುಬ್ಬಿ, ಕುಕ್ಕರಿನ ಸೀಟಿ, ಹೆಣ್ಣಮಕ್ಕಳ ಮಾತಿನ ತುದಿ.
ದಪ್ಪನ್ನೂವು ಉಳದಾವ, ಈ ಕಡೆ.
ಅವನಾದ್ರೂ ಚಲೋತ್ನ್ಯಾಗಿ ಕೇಳಬೇಕಲ್ಲಪಾ.”

ಸೇಠ ನೂರಾಐವತ್ತು ಬಿಟ್ಟ.
ಜೋಡಿನಽ ಕೊಟ್ಟ. ಬಿಲ್ಲು ಸಣ್ಣ ಅಕ್ಷರದಾಗ.

ಚಿಗರಿ ಬಸ್ಸಿನ್ಯಾಗ ಎಡಕ್ಕ ಕಿಟಕಿ ಇರೋ ಸೀಟು ಸಿಕ್ತು.
ಅಂವ ಕಿಟಕಿ ಕಡೆ, ನಾ ಅವನ ಬಲಕ್ಕ.
ತನ್ನದು ಹಾಕ್ಕೊಂಡ, ನನ್ನದು ನನಗ.
ಹಾಡಲ್ಲ: ತೌಸೀಫ ಕಳಿಸಿದ್ದ ಆ ಕೊಕ್ಕಿ,
ಮತ್ತ ಮತ್ತ.
ಉಣಕಲ್ ಕೆರಿ ಬಂತು, ಹೋತು.
“ಕಾಕಾ, ಡಾಕ್ಟರಿಗಿ ತೋರ್ಸಿದ್ದಿಯೇನ?” ಅಂದೆ.
ಅಂವ ಕೆರಿ ನೋಡಿಕೋತ ಕುಂತ.
ಭೈರಿದೇವರಕೊಪ್ಪ. ಬಾಗಲಾ ತೆರೀತು, ಮುಚ್ಚತು.

ಭುಜಾ ತಟ್ಟಿ ಎಬ್ಬಿಸಿದೆ,
ಅವನ್ನ ಈ ಕಡೆ ಕೂಡಿಸಿ ನಾ ಕಿಟಕಿಗಿ ಸರದೆ.
ಯಾಕಂತ ಕೇಳಲಿಲ್ಲ.
ಎಡಗಿವೀದು ತಗದು ಅಂಗೈಯಾಗ ಹಿಡಕೊಂಡ.
“ಹೂಂ. ಈಗ ಹೇಳು.”

ಆ ಸೀಟಿಗಿ ಬಿಸಲಿತ್ತು.