ಹತ್ತಡಿ

ಗ್ರಿಮ್ಸ್‌ಬಿಯ ಭಾನುವಾರದ ಡಿಕ್ಕಿ ಸಂತೆಯಲ್ಲಿ
ಟೋಸ್ಟರು, ಒಂಟಿ ಸ್ಕೇಟು, ಯಾರದೋ ಹಲ್ಲುಸೆಟ್ಟಿನ ಡಬ್ಬಿಯ ನಡುವೆ
ಚರ್ಮದ ಅಂಗಿ ತೊಟ್ಟು ಕೂತಿತ್ತು. ಮೂರು ಪೌಂಡು.
ಚೌಕಾಸಿ ಮಾಡಿ ಎರಡೂವರೆ.

ಮನೆಗೆ ತಂದವನೇ ಕಿವಿಗೆ ಹಿಡಿದೆ,
ತೆಂಗಿನಕಾಯಿಯಲ್ಲಿ ನೀರಿದೆಯೇ ಎಂದು ಅಲ್ಲಾಡಿಸಿ ಕೇಳುವಂತೆ.
ಐನೂರನೇ ಒಂದು: ಚಿಟಿಕೆ.
ಅರವತ್ತನೇ ಒಂದು: ನೆಲಕ್ಕೆ ಬಿದ್ದ ಗುಂಡುಪಿನ್ನು.
ಹದಿನೈದಕ್ಕೆ ತಿರುಗಿಸಿ ಒತ್ತಿದರೆ
ತೆರೆದ ಬಾಯಿ ಮುಚ್ಚುವುದನ್ನೇ ಮರೆತುಬಿಟ್ಟಿತು.
ಆಮೇಲೆ ಏನೋ ನೆನಪಾದಂತೆ,
ಟಕ್.

ಟೇಪಿನ ಇನ್ನೊಂದು ತುದಿ ಪಕ್ಕದ ಮನೆಯ ಮೇವಿಸ್.
ಇಟ್ಟಿಗೆ ಗೋಡೆಗೆ ಬೆನ್ನು ಕೊಟ್ಟು "ಹತ್ತಡಿ!" ಅನ್ನುತ್ತಾಳೆ,
ಬಂದರಿನಲ್ಲಿ ಮೀನು ತೂಗುತ್ತಿದ್ದ ಅದೇ ದನಿ.
ನಲವತ್ತೊಂದು ಕ್ಯಾಮೆರಾಗಳಿಗೂ ಅವಳೇ ಹತ್ತಡಿ.
ನಾನು ನೋಡುವುದು ಅವಳ ಕಾರ್ಡಿಗನ್ನಿನ ಹೆಣಿಗೆ ನಿಚ್ಚಳವೇ,
ಅಂಚಲ್ಲಿ ಬೆಳಕು ಸೋರಿದೆಯೇ, ಅಷ್ಟೇ.

ಮೊನ್ನೆ ಕೇಳಿದಳು: ನನ್ನದೊಂದು ಫೋಟೋ ಇದೆಯಾ ನಿನ್ನ ಹತ್ತಿರ?
ನೆಗೆಟಿವ್ ಪಟ್ಟಿಗಳನ್ನು ಕಿಟಕಿಗೆ ಹಿಡಿದು ಹುಡುಕಿದೆವು.
"ನೋಡು, ಕೂದಲು ಕಪ್ಪಗಿದೆ!" ಅವಳಿಗೆ ಖುಷಿ.
ಎಲ್ಲದರಲ್ಲೂ ಅಳತೆ. ತುಟಿ ಬಿಗಿದ ಅಳತೆ.
ಒಂದರಲ್ಲಿ ಮಾತ್ರ, ಆ ತೂಕಡಿಸುವ ಶಟರಿನದು,
ಟೇಪು ಕೈಜಾರಿ ಹಾರಿದೆ, ಮುಖ ಮೂರಾಗಿದೆ,
ಮೂರೂ ನಗುತ್ತಿವೆ.
ಅದರ ಮೇಲೆ ನಾನೇ ಕೆಂಪು ಪೆನ್ಸಿಲಲ್ಲಿ ಕಾಟು ಹಾಕಿದ್ದೆ.

"ಇದನ್ನೇ ದೊಡ್ಡದು ಮಾಡಿಸು," ಅಂದಳು.
"ಆ ಕ್ಯಾಮೆರಾ ಮಾತ್ರ ಯಾರಿಗೂ ಕೊಡಬೇಡ."

ಹೇಗೆ ಹೇಳಲಿ, ಹೋದ ಭಾನುವಾರವೇ ಕೊಟ್ಟುಬಿಟ್ಟೆ
ಕ್ಲೀಥಾರ್ಪ್ಸಿನ ಹುಡುಗನೊಬ್ಬನಿಗೆ, ಎರಡು ಪೌಂಡಿಗೆ,
ಶಟರು ನಿಧಾನ ಎಂಬ ನಿಜ ಹೇಳಿಯೇ.
ಐವತ್ತು ಪೆನ್ಸ್ ಲುಕ್ಸಾನು.