ಒಂಟಿ ಜೋಡು

ತಗಡಿನ ಆಚೆ ಅಪ್ಪ, ಈಚೆ ನಾನು.
ಅವನ ಕೈಯಲ್ಲಿ ಸುತ್ತಿಗೆ,
ನನ್ನ ಕೈಯಲ್ಲಿ ಸಾಬೂನಿನಷ್ಟು ದೊಡ್ಡ ಕಬ್ಬಿಣದ ಗಟ್ಟಿ.
ಅವನು ಬಡಿದಲ್ಲಿ ನಾನು ಒಳಗಿನಿಂದ ಒತ್ತಿ ಹಿಡಿಯಬೇಕು.
ಮುಖ ಕಾಣದು.
ಟಣ್ ಅಂದರೆ ಸರಿಯಾಗಿದ್ದೇನೆ,
ಟೊಪ್ ಅಂದರೆ ಬೆರಳಗಲ ತಪ್ಪಿದ್ದೇನೆ.
ನನ್ನ ಹನ್ನೊಂದನೆಯ ವರ್ಷದಲ್ಲಿ
ನಾವಿಬ್ಬರೂ ಆಡಿದ ಮಾತು ಹೆಚ್ಚುಕಡಿಮೆ ಇಷ್ಟೇ.

ಇಜೇರ್ ನದಿಯ ದಡ, ಚರ್ಮ ಹದಮಾಡುವ ಊರು.
ಗಾಳಿ ತಿರುಗಿದರೆ ಬ್ರೆಡ್ಡಿಗೂ ತೊಗಲಿನ ವಾಸನೆ.
ಹಂದಿಮೂತಿಯ ಹೊಸ ಸಿಟ್ರೋಯೆನ್ ವ್ಯಾನು ಬಂದು ನಿಂತರೆ
ಅಪ್ಪ ಅದರ ಬೆನ್ನು ಕೊಯ್ದು ತೆಗೆದು
ಕೇಳಿದವರಿಗೆ ಕೇಳಿದ್ದನ್ನು ಕಟ್ಟಿಕೊಡುತ್ತಿದ್ದ.
ಜೇನು ಮಾರುವ ವಿಧವೆಗೆ ಆರು ಮೂಲೆಯ ಗೂಡು.
ಪಾದ್ರಿಯೊಬ್ಬನಿಗೆ ಮಡಚುವ ಪೂಜಾಪೀಠ,
ಏರಿಸಿ ಇಳಿಸುವ ಗಂಟೆಗೋಪುರ;
ಇಳಿಸಲು ಮರೆತು ರೈಲುಸೇತುವೆಯ ಕೆಳಗೆ ನುಗ್ಗಿದ,
ಆ ಕಥೆ ಬೇರೆ.

ಆ ವರ್ಷ ಬಂದವನು ಗ್ರಿಮೋ, ಬೂಟಿನ ಕಾರ್ಖಾನೆಯವನು.
"ಸೈಕಲ್ ಪಂದ್ಯದ ಮುಂದೆ ಓಡಬೇಕು,
ರಸ್ತೆಬದಿಯ ಜನ ಬಾಯಿ ಬಿಡಬೇಕು.
ಜೋಡು ಮಾಡಿಕೊಡು, ವ್ಯಾನಿನಷ್ಟು ದೊಡ್ಡದು."
ಅಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದು ಕೇಳಿದ,
"ಎಡಗಾಲಿನದೋ, ಬಲಗಾಲಿನದೋ?"
ಗ್ರಿಮೋ ನಕ್ಕ. ಅಪ್ಪ ನಗಲಿಲ್ಲ.
ಮೂವತ್ತು ವರ್ಷ ಜೋಡು ಮಾರಿದವನು
ಆಗ ತಲೆ ತಗ್ಗಿಸಿ ತನ್ನ ಕಾಲು ತಾನೇ ನೋಡಿಕೊಂಡ.

ಮೂರು ದಿನ ಲೆಕ್ಕ ಹಾಕಿ ಅಪ್ಪನೇ ತೀರ್ಮಾನಿಸಿದ:
ನಮ್ಮಲ್ಲಿ ಡ್ರೈವರು ಕೂರುವುದು ಎಡಕ್ಕೆ,
ಅವನ ಮೊಣಕಾಲಿಗೆ ಜಾಗ ಬೇಕು,
ಹೆಬ್ಬೆರಳು ಆ ಕಡೆಗೆ ಬರಬೇಕೆಂದರೆ
ಬಲಗಾಲಿನದೇ ಆಗಬೇಕು.
ಅಮ್ಮ ಆಲೂಗಡ್ಡೆ ಹೆರೆಯುತ್ತ ಅಂದಳು,
"ಜೋಡು ಅಂದಮೇಲೆ ಎರಡಿರಬೇಕಲ್ಲ.
ಒಂಟಿ ಜೋಡು ಯಾರ ಕಾಲಿಗೆ?"

ಚಳಿಗಾಲವೆಲ್ಲ ಬಡಿದೆವು.
ಮರಳುಚೀಲದ ಮೇಲೆ ಅಲ್ಯೂಮಿನಿಯಂ ಉಬ್ಬಿ ಮೂತಿಯಾಯಿತು.
ಲೇಸಿಗೆ ದೋಣಿಯ ಹಗ್ಗ,
ಲೇಸಿನ ತೂತಿಗೆ ಹಾಲಿನ ಕ್ಯಾನಿನ ಬಾಯಿಬಳೆ.
ನಾಲಿಗೆ ಎತ್ತಿದರೆ ಒಬ್ಬ ನಿಂತು ಕರಪತ್ರ ತೂರಬಹುದು,
ಹಿಮ್ಮಡಿಯೇ ಬಾಗಿಲು.
ನಾಲಿಗೆಯ ಬುಡದ ಬೆಸುಗೆ ಮಾತ್ರ ಅಪ್ಪನಿಗೆ ಒಪ್ಪಲಿಲ್ಲ.
"ಇನ್ನೊಂದು ದಿನ ಕೊಡಿ, ಇಲ್ಲಿ ಸೋರುತ್ತದೆ."
ಗ್ರಿಮೋ ಕೊಡಲಿಲ್ಲ.
ಬಣ್ಣ ಒಣಗುವ ಮೊದಲೇ ಬಾವುಟ ಕಟ್ಟಿಸಿದ್ದ.

ಹೊರಡುವ ಹಿಂದಿನ ಸಂಜೆ
ಅಂಚೆಕಚೇರಿಯ ಕಾವಲಿನ ತಾವೆರ್ನೆಲ್ ಬಂದ.
ಬಲಗಾಲಿನ ಪ್ಯಾಂಟು ತೊಡೆಯವರೆಗೆ ಮಡಚಿ ಪಿನ್ನು.
ಊರುಗೋಲು ಊರುತ್ತ ಜೋಡಿನ ಸುತ್ತ ಒಂದು ಸುತ್ತು ಬಂದ,
ಹೆಬ್ಬೆರಳಿನ ಉಬ್ಬನ್ನು ಸವರಿದ.
"ನಲವತ್ತರ ಜೂನಿನಲ್ಲಿ ಕಳೆದದ್ದು.
ನಿಮಗೆಲ್ಲಿ ಸಿಕ್ಕಿತು?"
ಅಮ್ಮ ಏಪ್ರನ್ನಿನಲ್ಲಿ ಬಾಯಿ ಮುಚ್ಚಿಕೊಂಡಳು.
ಅಪ್ಪ ಹಿಮ್ಮಡಿ ತೆರೆದು, ಅಂಗಡಿಯವನ ಹಾಗೆ ಬಾಗಿ,
"ಅಳತೆ ನೋಡಿಬಿಡಿ" ಎಂದ.
ಸಂತೆಬೀದಿಯಲ್ಲಿ ಎರಡು ಸುತ್ತು.
ನಾಲಿಗೆಯಿಂದ ತಲೆ ಹೊರಹಾಕಿ ತಾವೆರ್ನೆಲ್ ಕೂಗಿದ,
"ಸ್ವಲ್ಪ ಬಿಗಿ!"
ಊರೆಲ್ಲ ನಕ್ಕಿತು.
ಅವನ ಹೆಂಡತಿ ಕಿಟಕಿ ಮುಚ್ಚಿಕೊಂಡಳು.

ಈಗ ಕಾರ್ಖಾನೆ ಇಲ್ಲ, ಅಪ್ಪನೂ ಇಲ್ಲ.
ಗುಡ್ಡದ ಮೇಲಿನ ಆಕ್ರೋಟು ತೋಟದಲ್ಲಿ ಜೋಡು ಕೂತಿದೆ,
ಚಕ್ರ ಯಾರೋ ಒಯ್ದಿದ್ದಾರೆ.
ಬಾತುಕೋಳಿಗಳು ಹಿಮ್ಮಡಿಯಿಂದ ಹೋಗಿ ಬಂದು ಮಾಡುತ್ತವೆ,
ಯಾರನ್ನೂ ಕೇಳದೆ.
ಹೋದ ವಾರ ನಾನೂ ಬಾಗಿ ಒಳಹೊಕ್ಕೆ.
ಒಳಮೈಗೆ ಯಾರೂ ಬಣ್ಣ ಬಳಿದಿರಲಿಲ್ಲ:
ನನ್ನ ಗಟ್ಟಿಯ ಗುರುತು ಸಾಲುಸಾಲು,
ಕೆಲವೆಡೆ ಬೆರಳಗಲವಲ್ಲ, ಅಂಗೈಯಗಲ ತಪ್ಪಿದ್ದು.
ಟೊಪ್ ಅಂದಿರಲೇಬೇಕು.
ಅವನು ಏನೂ ಅಂದಿರಲಿಲ್ಲ.

ಮಳೆ ಬಂತು. ಬಾತುಗಳು ಪಕ್ಕಕ್ಕೆ ಸರಿದವು,
ರೂಢಿಯಿರುವವರಂತೆ.
ಸೋರಿತು,
ಅಪ್ಪ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ್ದಲ್ಲೇ,
ಒಂದಂಗುಲ ಆಚೆಯೂ ಇಲ್ಲ
ಈಚೆಯೂ ಇಲ್ಲ.